ಸೋಗಾನೆಯಲ್ಲಿ ಒಂದು ಕೆಜಿ ನಾನೂರು ಗ್ರಾಂ

ಮನೆಯಲ್ಲೇ ತೂಗಿದ್ದೆ. ಮನೆಯೆಂದರೆ ಅಂಗಡಿಯ ಹಿಂಬದಿ;
ಮೂವತ್ತಾರು ವರ್ಷದಿಂದ
ಶಿವಮೊಗ್ಗದ ತಕ್ಕಡಿಗಳು ಕೆಮ್ಮಿದರೆ ಬರುವುದು ಇಲ್ಲಿಗೇ.
ಹದಿನಾಲ್ಕು ಕೆಜಿ ಒಂಬೈನೂರು.
ಇಳಿಸಿ, ಸೊನ್ನೆ ನೋಡಿ, ಮತ್ತೆ ಏರಿಸಿದೆ:
ಹದಿನಾಲ್ಕು ಒಂಬೈನೂರು.
ವಿಶಾಲಾಕ್ಷಿ ನಕ್ಕಳು:
"ಹೆಣ್ಣು ನೋಡೋಕೆ ಬಂದಾಗ
ಇಷ್ಟು ನೋಡಿರಲಿಲ್ಲ ನೀವು."

ಹೈದರಾಬಾದಿನಲ್ಲಿ ಅವಳ ತಂಗಿಯ ಮಗಳ ಮದುವೆ.
ಟಿಕೆಟ್ಟು ಬಸ್ಸಿಗಿಂತ ಅಗ್ಗವಂತೆ.
ಅವಳದು ಪೆಟ್ಟಿಗೆಯಿಲ್ಲದ ಜಾತಿಯದು, ಇನ್ನೂ ಅಗ್ಗ.
ಆಮೇಲೆ ಕಿಟಕಿಗೆ ಬೇರೆ,
ಗಂಡ ಹೆಂಡತಿ ಅಕ್ಕಪಕ್ಕ ಕೂರುವುದಕ್ಕೆ ಬೇರೆ,
ಇಷ್ಟೆಲ್ಲ ಕೊಟ್ಟ ಮೇಲೆ
ಅನುಕೂಲ ಶುಲ್ಕ ಮುನ್ನೂರೈವತ್ತು.
ಯಾರ ಅನುಕೂಲ ಎಂದು ಕೇಳಲು
ಮೊಬೈಲಿನಲ್ಲಿ ಒತ್ತುವ ಜಾಗವಿರಲಿಲ್ಲ.

ಸೋಗಾನೆಯ ಕೌಂಟರಿನಲ್ಲಿ ಪೆಟ್ಟಿಗೆ ಮಲಗಿಸಿದೆ.
ಕೆಂಪು ಅಂಕಿ ಓಡಿ ನಿಂತಿತು: ಹದಿನಾರು ಮುನ್ನೂರು.
"ಒಂದು ಮುನ್ನೂರು ಹೆಚ್ಚು ಸರ್, ಅಂದ್ರೆ ಎರಡು.
ಸಾವಿರದ ಇನ್ನೂರು ಕಟ್ಟಿ."
ಒಂದು ಮುನ್ನೂರು ಎರಡಾಗುವುದನ್ನು
ನಾನು ಶುಂಠಿ ಮಂಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

"ಇಳಿಸಿ ಸೊನ್ನೆ ತೋರಿಸು ತಾಯಿ" ಎಂದೆ.
ಇಳಿಸಿದಳು, ಪಾಪ, ಒಳ್ಳೆಯ ಹುಡುಗಿ.
ಖಾಲಿ ಬೆಲ್ಟು. ಯಾರೂ ಮುಟ್ಟಿಲ್ಲ.
ಒಂದು ಕೆಜಿ ನಾನೂರು ಗ್ರಾಂ
ಬರೀ ಗಾಳಿ.
ಇಬ್ಬರೂ ಅದನ್ನೇ ನೋಡುತ್ತ ನಿಂತೆವು
ಸತ್ತವರ ಫೋಟೋ ನೋಡುವ ಹಾಗೆ.
"ಸಿಸ್ಟಮ್ಮು ಸರ್, ನನ್ನ ಕೈಲಿಲ್ಲ."
ಬಗ್ಗಿ ನೋಡಿದೆ: ಇಲಾಖೆಯ ಮುದ್ರೆ
ಹೋದ ವರ್ಷದ ಹಿಂದಿನದು.

ಹಿಂದಿನವರು ಗೊಣಗಿದರು.
ವಿಶಾಲಾಕ್ಷಿ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದಳು,
ಊರವರೆದುರು ಅವಳ ಲಂಗ, ನನ್ನ ಬನಿಯನ್ನು,
ಕೋಡುಬಳೆಯ ಡಬ್ಬಿ, ಉಡುಗೊರೆಯ ಹಿತ್ತಾಳೆ ದೀಪ.
"ಮುಚ್ಚೇ" ಎಂದು ಗದರಿ ದುಡ್ಡು ಕಟ್ಟಿದೆ.
ಆಕಾಶದಲ್ಲಿ ಒಂದೂಕಾಲು ಗಂಟೆ
ಅಕ್ಕಪಕ್ಕ ಕೂತೆವು, ಕೊಟ್ಟ ದುಡ್ಡಿಗೆ,
ಒಂದೂ ಮಾತಾಡದೆ.

ವಾಪಸು ಬಂದು ದೂರು ಬರೆದೆ.
"ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ"
ಎಂದಿತು ಕಂಪನಿ, ಎರಡೇ ನಿಮಿಷದಲ್ಲಿ.
ಭಾವನೆ ಅಲ್ಲಮ್ಮ, ಗ್ರಾಂ.
ಇನ್ನೊಂದು ಬರೆದೆ. ಇನ್ನೊಂದು.
ಏಳನೆಯದಕ್ಕೆ ಒಂದು ಕೂಪನ್ನು ಬಂತು:
ತೊಂಬತ್ತು ದಿನದೊಳಗೆ ಮತ್ತೆ ಹಾರಿದರೆ
ಸಾವಿರದ ಇನ್ನೂರು ಮಾಫಿ,
ಅನುಕೂಲ ಶುಲ್ಕ ಪ್ರತ್ಯೇಕ.

ಸರಿ, ಗ್ರಾಹಕರ ಆಯೋಗಕ್ಕೇ ಹೋಗುವುದೆಂದು
ರಾತ್ರಿ ಅರ್ಜಿ ಬರೆಯಲು ಕೂತೆ.
"ಅರ್ಜಿದಾರ ಮೌನೇಶಾಚಾರಿ, ತಕ್ಕಡಿ ರಿಪೇರಿ,
ಈವರೆಗೆ ಯಾರಿಗೂ ತೂಕದಲ್ಲಿ"
ಅಲ್ಲಿಗೆ ಪೆನ್ನು ನಿಂತಿತು.

ನನಗಾಗ ಇಪ್ಪತ್ತನಾಲ್ಕು. ಮಂಡಿಯ ಹಾಲೇಶಪ್ಪ
ಇಪ್ಪತ್ತು ಕೆಜಿಯ ಕಲ್ಲೊಂದು ತಂದಿದ್ದ.
ಮಾತೇನೂ ಆಡಲಿಲ್ಲ, ಕಣ್ಣಲ್ಲೇ ಹೇಳಿದ.
ತಳದ ಗುಂಡಿಗೆ ಇನ್ನೂರು ಗ್ರಾಂ ಸೀಸ
ಹೆಚ್ಚಿಗೆ ಕಾಯಿಸಿ ಹೊಯ್ದೆ.
ನಲವತ್ತು ರೂಪಾಯಿ. ರಸೀದಿ ಅವನೂ ಕೇಳಲಿಲ್ಲ.
ಎಷ್ಟು ಗೋಣಿ ಶುಂಠಿ ಅದರೆದುರು ಏರಿತೋ,
ಎಷ್ಟು ಜನ ಸೊನ್ನೆ ನೋಡಲು ಬಾರದೆ
ಕೊಟ್ಟಷ್ಟು ತೆಗೆದುಕೊಂಡು ಬಸ್ಸು ಹತ್ತಿದರೋ.

ಮರುದಿನ ಮಂಡಿಗೆ ಹೋದೆ. ಹಾಲೇಶಪ್ಪ ಈಗಿಲ್ಲ.
ಮಗನದು ಎಲೆಕ್ಟ್ರಾನಿಕ್ ಕಾಟಾ.
ಆ ಕಲ್ಲು ಗೋಡೌನಿನ ಬಾಗಿಲಿಗೆ ಒತ್ತು ನಿಂತಿತ್ತು.
ಕೇಳಿದೆ. "ತಗೊಂಡ್ಹೋಗಿ ಆಚಾರ್ರೇ,
ಬಾಗಿಲಿಗೆ ಇಟ್ಟಿಗೆ ಇಡ್ತೀನಿ."
ಆಟೋದವನು ಲಗೇಜಿಗೆಂದು ಇಪ್ಪತ್ತು ಹೆಚ್ಚು ಕೇಳಿದ.
ಚೌಕಾಸಿ ಮಾಡಲಿಲ್ಲ.

ಅರ್ಜಿ ಕೊಟ್ಟಾಗಿದೆ, ಆ ಒಂದು ಸಾಲು ಬಿಟ್ಟು.
ವಿಚಾರಣೆ ಬರುವ ಹದಿನೇಳಕ್ಕೆ.
ನಿನ್ನೆ, ಅಂಗಡಿ ಮುಚ್ಚಿದ ಮೇಲೆ,
ಕಲ್ಲು ಒರೆಸಿ, ಸೊನ್ನೆ ನೋಡಿ, ತೂಗಿದೆ.
ಇಪ್ಪತ್ತು ಕೆಜಿ ಇನ್ನೂರು.
ಎಂಥ ಕೈಕೆಲಸ ನೋಡಿ:
ಇಷ್ಟು ವರ್ಷಕ್ಕೂ ಒಂದು ಗ್ರಾಂ ಸವೆದಿಲ್ಲ.